ಅಪ್‌ಡೇಟ್: ವಿಡಿಯೊ ಅರ್ಥವಾಗುತ್ತೆ, ಲೆಕ್ಕ ಬರಲ್ಲ

ಹತ್ತನೇ ಕ್ಲಾಸಿನ ವರ್ಗ ಸಮೀಕರಣದ ವಿಡಿಯೊ ನೋಡುವಾಗ ಎಲ್ಲ ತಿಳಿಯುತ್ತೆ, ಪುಸ್ತಕ ತೆಗೆದರೆ ಕೈ ಓಡಲ್ಲ ಅಂತ ಹೋದ ವಾರ ಕೇಳಿದ್ದೆ. ಕೆಲಸಕ್ಕೆ ಬಂದದ್ದು, ‘ಪ್ರಶ್ನೆ ಕಂಡ ಕೂಡಲೇ ನಿಲ್ಲಿಸಿ, ನೀವೇ ಬಿಡಿಸಿ, ಆಮೇಲೆ ಸಾಲುಸಾಲಾಗಿ ತಾಳೆ ನೋಡಿ’ ಅಂದವರ ಸಲಹೆ. ಆಗಲೇ ಕಳ್ಳ ಸಿಕ್ಕಿದ್ದು: ತಪ್ಪುತ್ತಿದ್ದದ್ದು ಸೂತ್ರವಲ್ಲ, ಚಿಹ್ನೆ. −3(ಎಕ್ಸ್ − 4) ಬಿಡಿಸಿದಾಗ +12 ಬರಬೇಕು. ಪ್ರತಿಸಲ −12 ಬರೀತಿದ್ದೆ. ಕೆಳಗಿನ ಕ್ಲಾಸಿನ ಪಾಠಕ್ಕೇ ಹಿಂದೆ ಹೋಗಬೇಕಾಯ್ತು!

ಒಂದೂವರೆ ಪಟ್ಟು ಸ್ಪೀಡಲ್ಲಿ ಎರಡು ಸಲ ನೋಡೋದು ದಂಡ.

ಥೇಲ್ಸ್ ಪ್ರಮೇಯಕ್ಕೆ (ತ್ರಿಭುಜದ ತಳಕ್ಕೆ ಸಮಾಂತರ ಗೆರೆ ಉಳಿದೆರಡು ಬಾಹುಗಳನ್ನ ಒಂದೇ ಅನುಪಾತದಲ್ಲಿ ಭಾಗಿಸುತ್ತೆ ಅನ್ನೋದು) ಮಾತ್ರ ಸ್ಕೇಲೇ ಬೇಕಾಯ್ತು. 6, 9 ಸೆಂ.ಮೀ. ಬಾಹು, 7.5 ಸೆಂ.ಮೀ. ತಳದ ತ್ರಿಭುಜ ಬರೆದು, ಮೇಲಿನ ಶೃಂಗದಿಂದ 6ರ ಬಾಹುವಲ್ಲಿ 2, 9ರ ಬಾಹುವಲ್ಲಿ 3 ಸೆಂ.ಮೀ.ಗೆ ಗುರುತು ಹಾಕಿ ಸೇರಿಸಿ. ಗೆರೆ 2.5 ಸೆಂ.ಮೀ. ಬರುತ್ತೆ, ತಳಕ್ಕೆ ಸಮಾಂತರ.