ಇಟಾಲಿಯನ್ ಲಿಂಗ: ಪದದ ಬಾಲವನ್ನು ಎಷ್ಟು ನಂಬಬಹುದು?

ತುಂಗಾತೀರ: ತೊರಿನೊಗೆ ಓದಲು ಹೊರಟಿದ್ದೇನೆ, ಇಟಾಲಿಯನ್ ಕಲಿಕೆ ನಡೆದಿದೆ. ‘ಒ’ ಕೊನೆಗಿದ್ದರೆ ಪುಲ್ಲಿಂಗ, ‘ಆ’ ಇದ್ದರೆ ಸ್ತ್ರೀಲಿಂಗ ಎಂದರು. ಪುಸ್ತಕ ‘ಲಿಬ್ರೊ’ ಗಂಡು, ಮನೆ ‘ಕಾಸಾ’ ಹೆಣ್ಣು. ಆಗಲಿ. ಆದರೆ ಕೈಗೆ ಹೇಳುವ ‘ಮಾನೊ’ ಸ್ತ್ರೀಲಿಂಗವಂತೆ, ‘ಪ್ರೊಬ್ಲೆಮಾ’ ಪುಲ್ಲಿಂಗವಂತೆ! ಮರ, ಮನೆ, ಎಮ್ಮೆ ಯಾವುದಕ್ಕೂ ‘ಬಂತು, ಹೋಯಿತು’ ಎಂದು ಮುಗಿಸುವ ನಮಗೆ ಇದೇನು ಕಾಟ? ನಿಯಮ ನಂಬಲೇ, ಉರು ಹೊಡೆಯಲೇ?

ಪದಸಂಚಿ: ಉರು ಹೊಡೆಯಿರಿ, ಅದೂ ಆರ್ಟಿಕಲ್ (ಪದದ ಮುಂದೆ ನಿಂತು ಲಿಂಗ ತೋರುವ ‘ಇಲ್’ ಪುಲ್ಲಿಂಗ, ‘ಲಾ’ ಸ್ತ್ರೀಲಿಂಗ) ಸಮೇತ: ‘ಲಾ ಮಾನೊ’, ‘ಇಲ್ ಪ್ರೊಬ್ಲೆಮಾ’. ‘ಎ’ ಕೊನೆಗಿರುವ ಪದಗಳದ್ದಂತೂ ಮುಖ ನೋಡಿದರೆ ಏನೂ ತಿಳಿಯದು. ಸೂರ್ಯ ‘ಇಲ್ ಸೋಲೆ’, ರಾತ್ರಿ ‘ಲಾ ನೊತ್ತೆ’.

ಹಳೇ ಮೇಷ್ಟ್ರು: ಅಷ್ಟು ಬೇಗ ಕೈಚೆಲ್ಲಬೇಡಿ. ‘ಎ’ಯಲ್ಲೂ ಗುರುತುಗಳಿವೆ: ‘-ತ್ಸಿಯೋನೆ’ ಇದ್ದರೆ ಸ್ತ್ರೀಲಿಂಗ, ‘-ಓರೆ’ ಇದ್ದರೆ ಬಹುಮಟ್ಟಿಗೆ ಪುಲ್ಲಿಂಗ. ‘ಮಾನೊ’ ಲ್ಯಾಟಿನ್ನಿನಲ್ಲಿ ‘ಮಾನುಸ್’, ಅಲ್ಲಿಯೇ ಸ್ತ್ರೀಲಿಂಗ. ‘ಪ್ರೊಬ್ಲೆಮಾ, ತೆಮಾ, ಸಿಸ್ತೆಮಾ, ಕ್ಲಿಮಾ’ ಗ್ರೀಕಿನಿಂದ ಬಂದವು. ಅಲ್ಲಿ ಈ ‘ಮಾ’ ನಪುಂಸಕದ ಗುರುತು. ಸಂಸ್ಕೃತದ ನಾಮ, ಕರ್ಮ, ಜನ್ಮಗಳ ‘ಮ’ ಇದರ ಒಡಹುಟ್ಟು, ಅವೂ ನಪುಂಸಕವೇ. ಇಟಾಲಿಯನ್ನಿನಲ್ಲಿ ನಪುಂಸಕವೇ ಉಳಿಯಲಿಲ್ಲ, ಆದ್ದರಿಂದ ಇವು ಪುಲ್ಲಿಂಗದ ಪಾಲಾದವು.

ಪದಸಂಚಿ: ಮೇಷ್ಟ್ರೇ, ಸಹಿ ‘ಫಿರ್ಮಾ’, ಜ್ವಾಲೆ ‘ಫಿಯಾಮ್ಮಾ’. ಎರಡಕ್ಕೂ ‘ಮಾ’ ಇದೆ, ಎರಡೂ ಸ್ತ್ರೀಲಿಂಗ. ಗ್ರೀಕ್ ಮೂಲವೆಂದು ಪದದ ಹಣೆಯ ಮೇಲೆ ಬರೆದಿರುತ್ತದೆಯೇ? ಅಂಗಡಿಯಲ್ಲಿ ನಿಂತವನು ವಂಶವೃಕ್ಷ ಬಿಡಿಸಿಕೊಂಡು ಮಾತಾಡಲಾರ.

ತೊರಿನೊವಾಸಿ: ಅಂಗಡಿಯ ಮಾತು ಬಂತಲ್ಲ, ಕೇಳಿ. ಮೂಳೆ ‘ಒಸ್ಸೊ’, ಪುಲ್ಲಿಂಗ. ಮಾಂಸದಂಗಡಿಯಲ್ಲಿ ನಾಯಿಗೆಂದು ಕೇಳುವ ಬಿಡಿ ಮೂಳೆಗಳು ‘ಒಸ್ಸಿ’, ಅವೂ ಪುಲ್ಲಿಂಗ. ನಮ್ಮ ಮೈಯ ಮೂಳೆಗಳು ಮಾತ್ರ ‘ಒಸ್ಸಾ’, ಸ್ತ್ರೀಲಿಂಗ! ತೋಳೂ ಹಾಗೆಯೇ. ಒಂದಾದರೆ ‘ಇಲ್ ಬ್ರಾಚ್ಚೊ’, ಎರಡಾದರೆ ‘ಲೆ ಬ್ರಾಚ್ಚಾ’. ಕ್ರೇನಿನ ತೋಳುಗಳಾದರೆ ‘ಬ್ರಾಚ್ಚಿ’. ಲ್ಯಾಟಿನ್ ನಪುಂಸಕದ ಬಹುವಚನ ‘ಆ’ ಇಲ್ಲಿ ಸೀರೆ ಉಟ್ಟು ಕುಳಿತಿದೆ. ಇದನ್ನು ತಿಳಿದ ಮೇಲೆ ನನಗೆ ಉರು ಹೊಡೆಯುವ ಹೊರೆ ಅರ್ಧವಾಯಿತು, ಮೇಷ್ಟ್ರ ಪಕ್ಷ ನಾನು.

ಜಡಿಮಳೆ: ನೀವೆಲ್ಲ ಮೂಳೆಯಲ್ಲೇ ಇದ್ದೀರಿ, ಇಟಲಿಯಲ್ಲಿ ಜಗಳ ನಡೆಯುವುದು ಮನುಷ್ಯರ ಪದಗಳ ಮೇಲೆ. ಕಾವಲುಗಾರ ಗಂಡಸಾದರೂ ‘ಲಾ ಗ್ವಾರ್ದಿಯಾ’ ಸ್ತ್ರೀಲಿಂಗ, ಯಾರಿಗೂ ಬೇಸರವಿಲ್ಲ. ಹೆಂಗಸು ಮಂತ್ರಿಯಾದಾಗ ‘ಮಿನಿಸ್ತ್ರಾ’ ಎನ್ನಲು ಮಾತ್ರ ನಾಲಿಗೆ ಹೊರಳದು. ಸ್ತ್ರೀವಾದಿ ಲೇಖಕಿ ಆಲ್ಮಾ ಸಬಾತಿನಿ 1987ರಲ್ಲೇ ಇಂಥ ರೂಪಗಳನ್ನು ಸೂಚಿಸಿದ್ದರು, ಭಾಷಾ ಅಕಾಡೆಮಿ ಕ್ರುಸ್ಕಾ ಕೂಡ ಒಪ್ಪುತ್ತದೆ. ಆದರೂ 2022ರಲ್ಲಿ ಪ್ರಧಾನಿಯಾದ ಜಾರ್ಜಾ ಮೆಲೋನಿ ‘ಇಲ್ ಪ್ರೆಸಿದೆಂತೆ’ (ಮಂತ್ರಿಮಂಡಲದ ಅಧ್ಯಕ್ಷ) ಎಂಬ ಪುಲ್ಲಿಂಗವನ್ನೇ ಆರಿಸಿಕೊಂಡರು. ಪದ ‘ಎ’ಯಲ್ಲಿ ಮುಗಿಯುತ್ತದೆ, ‘ಇಲ್’ ತೆಗೆದು ‘ಲಾ’ ಹಾಕಿದ್ದರೆ ಸಾಕಿತ್ತು.

ಹಳೇ ಮೇಷ್ಟ್ರು: ಅದು ವ್ಯಾಕರಣದ ಅಡ್ಡಿಯಲ್ಲ, ರಾಜಕೀಯದ ಆಯ್ಕೆ.

ಜಡಿಮಳೆ: ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ಪದಸಂಚಿ: ಮೇಷ್ಟ್ರಿಗೆ ಒಂದು ಕೊನೆಯ ಪ್ರಶ್ನೆ. ಪ್ರತಿಧ್ವನಿಗೆ ‘ಎಕೊ’, ಸ್ತ್ರೀಲಿಂಗ. ಬಹುವಚನ ‘ಎಕಿ’, ಪುಲ್ಲಿಂಗ. ಇದಕ್ಕೆ ಯಾವ ನಪುಂಸಕವನ್ನು ತರುತ್ತೀರಿ?

ಹಳೇ ಮೇಷ್ಟ್ರು: ಯಾವುದನ್ನೂ ಇಲ್ಲ. ಗ್ರೀಕರ ಎಕೊ ಒಬ್ಬ ಅಪ್ಸರೆ, ಏಕವಚನದಲ್ಲಿ ಅವಳ ಹೆಣ್ತನ ಉಳಿದುಕೊಂಡಿತು. ಬಹುವಚನ ‘ಒ’ ಪದಗಳ ಹಿಂಡಿಗೆ ಸೇರಿ ‘ಇ’ ಹಚ್ಚಿಕೊಂಡಿತು. ತುಂಗಾತೀರ ಅವರೇ, ಇದೊಂದನ್ನು ಉರು ಹೊಡೆಯಿರಿ.