ಬೆಟ್ಟದ ಚಾರಣಕ್ಕೆ ಕೈಯಲ್ಲಿ ಹಿಡಿಯುವ ಜಿಪಿಎಸ್: ಯಾವುದನ್ನು ಕೊಳ್ಳಲಿ?

ಕೇಳಿದವರು: ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಶಿಕ್ಷಕರು

ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ಒಂಬತ್ತನೆಯ ತರಗತಿಯ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವುದು ನಮ್ಮ ಶಾಲೆಯಲ್ಲಿ ನಡೆದುಬಂದ ಪದ್ಧತಿ. ಕಳೆದ ಅಕ್ಟೋಬರಿನಲ್ಲಿ ನಾವು ಹುಲ್ಲುಗಾವಲಿನ ನಡುವೆ ಇದ್ದಾಗ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಹತ್ತು ಹೆಜ್ಜೆ ಮುಂದಿನವರು ಕಾಣದಷ್ಟು ಮಂಜು ಮುಸುಕಿತು. ದನಗಳು ತುಳಿದು ಮಾಡಿದ ಹಾದಿಗಳು ನಾಲ್ಕಾರು ಕಡೆಗೆ ಕವಲೊಡೆದಿದ್ದವು. ಬೆಳಗಿನಿಂದ ಸಿಗ್ನಲ್ ಹುಡುಕಿ ಹುಡುಕಿ ನನ್ನ ಫೋನಿನ ಚಾರ್ಜ್ ತೀರಿಹೋಗಿತ್ತು. ಇಪ್ಪತ್ತೆರಡು ಮಕ್ಕಳನ್ನು ಒಂದು ಬಂಡೆಯ ಪಕ್ಕ ಕೂರಿಸಿಕೊಂಡು ಒಂದೂವರೆ ಗಂಟೆ ಕಾದೆವು. ಆ ಒಂದೂವರೆ ಗಂಟೆ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಈ ವರ್ಷ ಜಿಪಿಎಸ್ ಸಾಧನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಒಳ್ಳೆಯ ಫೋನೇ ಸಾಕೇ, ಪ್ರತ್ಯೇಕ ಸಾಧನ ಬೇಕೇ? ಟಚ್ ಸ್ಕ್ರೀನ್ ಒಳ್ಳೆಯದೋ, ಬಟನ್ ಒಳ್ಳೆಯದೋ? ನಮ್ಮ ಬೆಟ್ಟಗಳ ನಕ್ಷೆ ಎಲ್ಲಿ ಸಿಗುತ್ತದೆ? ಬಳಸಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಸುಬ್ರಹ್ಮಣ್ಯದಿಂದ

ಮೇಷ್ಟ್ರೇ, ಹದಿನೆಂಟು ವರ್ಷಗಳಿಂದ ಚಾರಣಿಗರೊಂದಿಗೆ ಕುಮಾರಪರ್ವತಕ್ಕೆ ಹತ್ತಿ ಇಳಿಯುತ್ತಿದ್ದೇನೆ. ಜಿಪಿಎಸ್ ಸಾಧನವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ನನಗೆ ಅನ್ನಿಸಿದೆ. ಕುಕ್ಕೆಯಿಂದ ಹೊರಟರೆ ಮೊದಲು ಆಕಾಶ ಕಾಣದ ದಟ್ಟ ಕಾಡು, ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲಿನ ಬಯಲು, ಶೇಷಪರ್ವತದ ಆಚೆ ಮತ್ತೆ ಇಳಿದು ಕಾಡು, ಕೊನೆಗೆ ಬಂಡೆ ಏರಿ 1712 ಮೀಟರ್ ಎತ್ತರದ ತುದಿ. ಒಂದೇ ದಾರಿಯಲ್ಲಿ ಮೂರು ಬಗೆಯ ಪರೀಕ್ಷೆ ನಡೆಯುತ್ತದೆ.

ನಾನು ಮೊದಲು ಕೊಂಡದ್ದು ದೊಡ್ಡ ಪರದೆಯ ಟಚ್ ಸ್ಕ್ರೀನ್ ಸಾಧನ. ಅಂಗಡಿಯಲ್ಲಿ ನೋಡಿದಾಗ ಅದರ ಮುಂದೆ ಉಳಿದವೆಲ್ಲ ಹಳೆಯ ಕಾಲದವು ಎನ್ನಿಸಿತ್ತು. ಜೂನ್ ಕೊನೆಯ ಒಂದು ದಿನ ಗಿರಿಗದ್ದೆಯ ಮೇಲೆ ಓರೆಯಾಗಿ ಹೊಡೆಯುವ ಮಳೆಯಲ್ಲಿ ಅದನ್ನು ಹೊರತೆಗೆದೆ. ಪರದೆಯ ಮೇಲೆ ಬಿದ್ದ ಒಂದೊಂದು ಹನಿಯನ್ನೂ ಅದು ನನ್ನ ಬೆರಳೆಂದು ತಿಳಿಯಿತು. ನಾವು ನಿಂತ ಜಾಗವನ್ನು ತೋರಿಸುತ್ತಿದ್ದ ನಕ್ಷೆ ತಾನಾಗಿಯೇ ಪಕ್ಕಕ್ಕೆ ಜಾರಿ ಹೋಯಿತು, ಹಿಗ್ಗಿತು, ಕುಗ್ಗಿತು, ನಡುವೆ ಎಲ್ಲಿಂದಲೋ ಒಂದು ಮೆನು ತೆರೆದುಕೊಂಡಿತು. ಒರೆಸೋಣವೆಂದರೆ ಅಂಗಿಯೂ ಒದ್ದೆ, ಬೈರಾಸವೂ ಒದ್ದೆ. ಕೊನೆಗೆ ಇಬ್ಬರು ಕೊಡೆ ಹಿಡಿದು ನಿಂತು, ಮೂರನೆಯವನು ಬಾಗಿ ನೋಡಿ, ದಾರಿ ಎಡಕ್ಕೆ ಎಂದು ತಿಳಿಯಲು ಹತ್ತು ನಿಮಿಷ ಹಿಡಿಯಿತು. ಸಾಧನದೊಳಗೆ ನೀರು ಹೋಗಿರಲಿಲ್ಲ, ಅದು ಕೆಟ್ಟಿರಲೂ ಇಲ್ಲ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯಬೇಕು ಎಂಬುದು ಐಪಿಎಕ್ಸ್7 ಎಂಬ ಗುರುತಿನ ಅರ್ಥ, ಮತ್ತು ಅದು ನಿಜವೇ ಆಗಿತ್ತು. ನೀರು ತಡೆಯುವುದು ಬೇರೆ, ನೀರಿನಲ್ಲಿ ಕೆಲಸ ಕೊಡುವುದು ಬೇರೆ ಎಂಬ ವ್ಯತ್ಯಾಸ ನನಗೆ ತಿಳಿದದ್ದು ಅಂದು.

ಆದ್ದರಿಂದ ನಮ್ಮ ಘಟ್ಟಕ್ಕೆ ಬಟನ್ ಇರುವ ಸಾಧನವನ್ನೇ ಕೊಳ್ಳಿರಿ ಎಂದು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಈಗ ನನ್ನ ಬಳಿ ಇರುವುದು ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 32ಎಕ್ಸ್. ಪರದೆ 2.2 ಇಂಚು ಮಾತ್ರ, ಫೋನಿಗೆ ಹೊಂದಿಕೊಂಡ ಕಣ್ಣಿಗೆ ಮೊದಮೊದಲು ತೀರ ಚಿಕ್ಕದೆನ್ನಿಸುತ್ತದೆ. ಆದರೆ ಬಿಸಿಲಿನಲ್ಲಿ ನಿಚ್ಚಳವಾಗಿ ಕಾಣುತ್ತದೆ, ಎರಡು ಎಎ ಸೆಲ್ಲುಗಳಲ್ಲಿ 25 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಹಿಂಬೆಳಕನ್ನು ತಗ್ಗಿಸಿಟ್ಟರೆ ನನಗೆ ಎರಡು ದಿನದ ಚಾರಣಕ್ಕೆ ಒಂದು ಜೊತೆ ಸೆಲ್ಲು ಸಾಕಾಗುತ್ತದೆ. ಸೆಲ್ಲು ಮುಗಿದರೆ ಯಾವ ಊರಿನ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ, ಮಕ್ಕಳ ಟಾರ್ಚಿನಿಂದಲೂ ತೆಗೆದು ಹಾಕಿಕೊಳ್ಳಬಹುದು. ಮಕ್ಕಳ ಹೊಣೆ ಹೊತ್ತವರಿಗೆ ಈ ಅನುಕೂಲ ಚಿಕ್ಕದಲ್ಲ. ಅದರ ಜೋಡಿಯಾದ 22ಎಕ್ಸ್ ಅಗ್ಗ. ಅದರಲ್ಲಿ ವಾಯುಭಾರ ಅಳೆದು ಎತ್ತರ ಹೇಳುವ ಸೌಲಭ್ಯವೂ, ನಿಂತಲ್ಲೇ ದಿಕ್ಕು ತೋರಿಸುವ ದಿಕ್ಸೂಚಿಯೂ ಇಲ್ಲ. ಇಟ್ರೆಕ್ಸ್ ಎಸ್ಇ ಎಂಬ ಹೊಸದೊಂದಿದೆ. ಅದೇ ಎರಡು ಸೆಲ್ಲುಗಳಲ್ಲಿ 168 ಗಂಟೆ ನಡೆಯುವುದೆಂಬ ಹೆಗ್ಗಳಿಕೆಯ ಅದರ ಪರದೆಯಲ್ಲಿ ನಕ್ಷೆ ಬರುವುದಿಲ್ಲ, ನಡೆದ ಗೆರೆ ಮತ್ತು ಗುರುತುಗಳು ಮಾತ್ರ ಕಾಣುತ್ತವೆ. ಕೊಳ್ಳುವ ಮೊದಲು ಇದು ಗೊತ್ತಿರಲಿ.

ಹೊರಡುವ ಜಾಗದಲ್ಲಿ, ಕಾಡು ಹೊಗುವ ಮೊದಲೇ, ಬಯಲಿನಲ್ಲಿ ಸಾಧನವನ್ನು ಆನ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿರಿ. ಹಾದಿ ದಾಖಲಾಗುವುದು ಶುರುವಾಗಿದೆಯೇ ಎಂದು ನೋಡಿಕೊಳ್ಳಿರಿ. ಪ್ರತಿ ಕವಲಿನಲ್ಲೂ ಒಂದು ಗುರುತು ಹಾಕಿರಿ. ಮಂಜು ಬಂದಾಗ ನಿಮಗೆ ಬೇಕಾಗುವುದು ಬೆಟ್ಟದ ನಕ್ಷೆಗಿಂತ ಮೊದಲು, ನೀವೇ ಬಂದ ಆ ಗೆರೆ. ಮಂಜು ಜಿಪಿಎಸ್ ಸಂಕೇತವನ್ನು ತಡೆಯುವುದಿಲ್ಲ. ಅಂದು ನಿಮ್ಮ ಕೈಯಲ್ಲಿ ಆ ಗೆರೆ ಇದ್ದಿದ್ದರೆ ಒಂದೂವರೆ ಗಂಟೆ ಕಾಯಬೇಕಾಗುತ್ತಿರಲಿಲ್ಲ.

ಬೆಂಗಳೂರಿನಿಂದ, ಭೂಮಾಪನದ ಕೆಲಸ ಮಾಡುವವರು

ಮೇಲಿನವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಿಖರತೆ, ಎತ್ತರ ಮತ್ತು ನಕ್ಷೆಯ ಬಗ್ಗೆ ಕೆಲವು ವಿಷಯ ಸೇರಿಸುತ್ತೇನೆ.

ಹಾದಿ ಗುರುತಿಸುವ ಮಟ್ಟಿಗೆ ಇಂದಿನ ಒಳ್ಳೆಯ ಫೋನೂ ಸಾಧನದಷ್ಟೇ ನಿಖರವಾಗಿರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ನಡೆಯುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ; ಅವುಗಳ ಸಂಕೇತವನ್ನು ಪಡೆಯಲು ಟವರ್ ಬೇಕಿಲ್ಲ. ಆದರೆ ಟವರ್ ಇದ್ದಾಗ ಫೋನು ಉಪಗ್ರಹಗಳ ವಿವರವನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹವೇ ಅದನ್ನು ಸೆಕೆಂಡಿಗೆ 50 ಬಿಟ್‌ಗಳ ನಿಧಾನ ಗತಿಯಲ್ಲಿ ಕಳುಹಿಸುವವರೆಗೆ ಕಾಯಬೇಕು. ಒಂದು ಉಪಗ್ರಹದ ಸ್ವಂತ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಬರುತ್ತದೆ, ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿಯಾಗಲು ಹನ್ನೆರಡೂವರೆ ನಿಮಿಷ ಬೇಕು. ಹೊರಡುವ ಮೊದಲು ಬಯಲಿನಲ್ಲಿ ನಿಲ್ಲಿರಿ ಎಂದು ಅವರು ಹೇಳಿದ್ದಕ್ಕೆ ಕಾರಣ ಇದೇ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಇಂಟರ್ನೆಟ್ ಇಲ್ಲದೆಯೂ ನಡೆಯುವ ನಕ್ಷೆಯ ಆ್ಯಪ್‌ಗಳಾದ ಓಎಸ್ಎಂಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಮೊದಲೇ ನಕ್ಷೆ ಇಳಿಸಿಕೊಂಡಿದ್ದರೆ, ಸಿಗ್ನಲ್ ಹುಡುಕುವುದರಲ್ಲಿ ಚಾರ್ಜ್ ಹಾಳಾಗುವುದು ತಪ್ಪುತ್ತದೆ.

ದಟ್ಟ ಕಾಡಿನಲ್ಲಿ ಒದ್ದೆ ಎಲೆಗಳು ಸಂಕೇತವನ್ನು ಕುಗ್ಗಿಸುತ್ತವೆ. ಕಡಿದಾದ ಕಣಿವೆಯಲ್ಲಿ ಅದು ಬಂಡೆಗೆ ಬಡಿದು ತಡವಾಗಿ ತಲುಪಿ ಜಾಗವನ್ನು ತಪ್ಪಾಗಿ ತೋರಿಸುತ್ತದೆ. ಎಲ್1 ಮತ್ತು ಎಲ್5 ಎಂಬ ಎರಡು ಆವರ್ತನಗಳನ್ನು ಒಟ್ಟಿಗೆ ಪಡೆಯುವ ಸಾಧನಗಳಲ್ಲಿ ಈ ದೋಷ ಕಡಿಮೆ. ಗಾರ್ಮಿನ್ ಜಿಪಿಎಸ್‌ಮ್ಯಾಪ್ 65ಎಸ್ ಅಂಥದ್ದು, ಬಟನ್ ಇದೆ, ಎಎ ಸೆಲ್ಲಿನಲ್ಲೇ ನಡೆಯುತ್ತದೆ; ಆದರೆ ಅವಧಿ 16 ಗಂಟೆ. ನೀವು ಹುಲ್ಲುಗಾವಲಿನಲ್ಲೇ ಹೆಚ್ಚು ನಡೆಯುವುದಾದರೆ ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ.

ಎತ್ತರದ ಬಗ್ಗೆ ನಮ್ಮ ನಾಡಿನವರು ವಿಶೇಷವಾಗಿ ಎಚ್ಚರವಹಿಸಬೇಕು. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ನುಣುಪಾದ ಗಣಿತರೂಪದಿಂದ. ನಾವು ಹೇಳುವ ಎತ್ತರ ಸಮುದ್ರಮಟ್ಟದಿಂದ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆಯಿರುವುದರಿಂದ ಸಮುದ್ರಮಟ್ಟವೇ ಆ ಗಣಿತರೂಪಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ, ಮತ್ತು ಅದರ ಪ್ರಭಾವ ದಕ್ಷಿಣ ಭಾರತದವರೆಗೂ ಚಾಚಿದೆ. ಈ ತಿದ್ದುಪಡಿ ಮಾಡದ ಕೆಲವು ಫೋನ್ ಆ್ಯಪ್‌ಗಳು 920 ಮೀಟರ್ ಎತ್ತರದ ಬೆಂಗಳೂರನ್ನು 830ರ ಆಸುಪಾಸಿನಲ್ಲಿ ತೋರಿಸುತ್ತವೆ. ಕೈಸಾಧನಗಳು ತಾವೇ ತಿದ್ದಿಕೊಳ್ಳುತ್ತವೆ. ವಾಯುಭಾರದಿಂದ ಎತ್ತರ ಹೇಳುವ ಸಾಧನವಾದರೆ, ಎತ್ತರ ಗೊತ್ತಿರುವ ಜಾಗದಲ್ಲಿ ಬೆಳಿಗ್ಗೆ ಹೊಂದಿಸಿಕೊಳ್ಳಿರಿ. ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡ ಇಳಿದರೆ ಸಾಧನ ನಿಮ್ಮನ್ನು ಸುಮಾರು ಒಂಬತ್ತು ಮೀಟರ್ ಮೇಲಕ್ಕೇರಿಸುತ್ತದೆ. ರಾತ್ರಿ ಡೇರೆಯಲ್ಲಿ ಮಲಗಿದ್ದಾಗ ಎತ್ತರ ಏರುತ್ತಾ ಹೋದರೆ ಅದು ಹವಾಮಾನ ಕೆಡುವ ಸೂಚನೆ, ಅದನ್ನು ಹಾಗೆಯೇ ಬಳಸಿಕೊಳ್ಳಬಹುದು.

ನಕ್ಷೆಗೆ ಎರಡು ಮೂಲಗಳಿವೆ. ಜನರೇ ಸೇರಿ ಮಾಡಿದ ಜಗತ್ತಿನ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಮಾಡಿದ ಗಾರ್ಮಿನ್ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಬಹುದು. ಹೆಸರಾದ ಚಾರಣದ ಹಾದಿಗಳು ಅದರಲ್ಲಿ ಚೆನ್ನಾಗಿವೆ, ಉಳಿದೆಡೆ ಖಾಲಿ. ಕಾಗದಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಓಪನ್ ಸೀರೀಸ್ ನಕ್ಷೆಯನ್ನು ಅವರ ತಾಣದಿಂದ ಇಳಿಸಿ ಮುದ್ರಿಸಿಕೊಳ್ಳಿರಿ. ಇವು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಎಂಬ ಆಧಾರದ ಮೇಲಿವೆ; ಆಧಾರವೆಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸಲು ಇಟ್ಟುಕೊಂಡ ಭೂಮಿಯ ಗಣಿತರೂಪ. ಅವರ ಹಳೆಯ ಟೋಪೋಶೀಟುಗಳದು, ಅಂದರೆ ಭೂಮೇಲ್ಮೈ ನಕ್ಷೆಗಳದು, ಎವರೆಸ್ಟ್ ಎಂಬ ಬೇರೆ ಆಧಾರ. ಅದನ್ನು ಸಾಧನದಲ್ಲಿ ಬದಲಿಸಿಕೊಳ್ಳದೆ ಓದಿದರೆ ನೀವು ನಿಂತ ಜಾಗ ನಕ್ಷೆಯಲ್ಲಿ ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ.

ಇನ್ನೊಂದು ಮಾತು, ಅಪಾಯದ ಹೊತ್ತಿನದು. ಜಾಗದ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳುವಾಗ ‘ಹನ್ನೆರಡು, ನಲವತ್ತು’ ಎಂದಷ್ಟೇ ಹೇಳಬೇಡಿರಿ. 12 ಡಿಗ್ರಿ 40 ಮಿನಿಟು ಎಂದರೆ ಕುಮಾರಪರ್ವತದ ಅಕ್ಷಾಂಶ, 12.40 ಡಿಗ್ರಿ ಎಂದರೆ ಮಡಿಕೇರಿಯದರ ಹತ್ತಿರ. ನಡುವಿನ ಅಂತರ 29 ಕಿಲೋಮೀಟರ್. ಜೊತೆಯ ಶಿಕ್ಷಕರೆಲ್ಲರ ಫೋನು ಮತ್ತು ಸಾಧನಗಳನ್ನು ಒಂದೇ ಕ್ರಮಕ್ಕೆ ಹೊಂದಿಸಿಡಿರಿ.

ಹುಬ್ಬಳ್ಳಿಯಿಂದ

ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋದಾಗ ನಾನು ಕಲಿತದ್ದನ್ನು ಹೇಳುತ್ತೇನೆ. ಚಳಿಯಲ್ಲಿ ಮಾಮೂಲಿ ಆಲ್ಕಲೈನ್ ಸೆಲ್ಲುಗಳ ಶಕ್ತಿ ಬಹುಬೇಗ ಕುಸಿಯುತ್ತದೆ. ರಾತ್ರಿ ಚೀಲದ ಹೊರಜೇಬಿನಲ್ಲಿ ಬಿಟ್ಟಿದ್ದ ಸಾಧನ ಬೆಳಗಿನ ಜಾವ ತೆಗೆದಾಗ ಒಂದು ಕ್ಷಣ ಬೆಳಗಿ ಆರಿಹೋಯಿತು. ಸೆಲ್ಲುಗಳನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಕಾಲು ಗಂಟೆ ಬಿಟ್ಟು ಹಾಕಿದೆ, ಮತ್ತೆ ನಡೆಯಿತು. ಎತ್ತರಕ್ಕೆ ಹೋಗುವವರು ಲಿಥಿಯಂ ಎಎ ಸೆಲ್ಲುಗಳನ್ನು ಒಯ್ಯಬೇಕು. ಊರಿನ ಬೆಟ್ಟಗಳಿಗೆ ಮರಳಿ ಚಾರ್ಜ್ ಮಾಡುವ ನಿಕಲ್ ಸೆಲ್ಲು ಸಾಕು. ಯಾವ ಬಗೆಯ ಸೆಲ್ಲು ಹಾಕಿದ್ದೀರೆಂದು ಸಾಧನದ ಸೆಟ್ಟಿಂಗಿನಲ್ಲಿ ಬದಲಿಸದಿದ್ದರೆ ಉಳಿದ ಶಕ್ತಿಯನ್ನು ಅದು ತಪ್ಪಾಗಿ ತೋರಿಸುತ್ತದೆ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ, ಸರ್. ಗಾರ್ಮಿನ್ನಿನ ಇನ್‌ರೀಚ್ ಹೆಸರಿನ ಸಾಧನಗಳು ಇರಿಡಿಯಂ ಎಂಬ ಸಂಪರ್ಕ ಉಪಗ್ರಹಗಳ ಮೂಲಕ ಸಂದೇಶ ಕಳುಹಿಸುತ್ತವೆ. ವಿದೇಶಗಳಲ್ಲಿ ಚಾರಣಿಗರು ಇವನ್ನು ಬಹಳ ಹೊಗಳುತ್ತಾರೆ, ಜೀವ ಉಳಿಸಿದ್ದೂ ನಿಜ. ಆದರೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನಿಗೆ ವಿರುದ್ಧ. ಇಂಥ ಸಾಧನ ತಂದ ವಿದೇಶಿ ಪ್ರವಾಸಿಗರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದು ಮೊಕದ್ದಮೆ ಹೂಡಿದ್ದೂ ಇದೆ. ಜಿಪಿಎಸ್‌ಮ್ಯಾಪ್ 67 ಮತ್ತು 67ಐ ನೋಡಲು ಒಂದೇ; ಆ ಒಂದು ‘ಐ’ ಅಕ್ಷರವೇ ಇನ್‌ರೀಚ್. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸುವುದಾದರೆ ಮಾದರಿಯ ಹೆಸರನ್ನು ಅಕ್ಷರಬಿಡದೆ ಬರೆದುಕೊಡಿರಿ.

ಗ್ಲಾಸ್ಗೋದಿಂದ

ನಾನು ಶಿವಮೊಗ್ಗದವನು, ಒಂಬತ್ತು ವರ್ಷಗಳಿಂದ ಸ್ಕಾಟ್ಲೆಂಡಿನಲ್ಲಿದ್ದೇನೆ. ಇಲ್ಲಿನ ಬೆನ್ ನೆವಿಸ್ 1345 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಬಹಳ ಕುಳ್ಳು. ಆದರೂ ತುದಿಯ ಬಯಲು ಹಿಮ ಮತ್ತು ಮಂಜಿನಲ್ಲಿ ಒಂದೇ ಬಿಳುಪಾಗಿ, ಒಂದು ಬದಿಗೆ ಪ್ರಪಾತ, ಇನ್ನೊಂದು ಬದಿಗೆ ಫೈವ್ ಫಿಂಗರ್ ಗಲ್ಲಿ ಎಂಬ ಕೊರಕಲು ಕಾದಿರುತ್ತವೆ. ಇಲ್ಲಿ ಹತ್ತುವವರು ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳುತ್ತಾರೆ: ತುದಿಯ ಕಂಬದಿಂದ 231 ಡಿಗ್ರಿ ದಿಕ್ಕಿಗೆ 150 ಮೀಟರ್, ಅಲ್ಲಿಂದ 282 ಡಿಗ್ರಿ. ಜಿಪಿಎಸ್ ಚೀಲದಲ್ಲಿದ್ದರೂ ದಿಕ್ಸೂಚಿ ಕೊರಳಲ್ಲಿರುತ್ತದೆ. ತಾವೂ ತಮ್ಮ ಬೆಟ್ಟದ ಅಪಾಯದ ಜಾಗಗಳಿಗೆ ಹೀಗೆ ಎರಡು ಮೂರು ಅಂಕಿಗಳನ್ನು, ಬಿಸಿಲಿರುವ ದಿನ ಹೋಗಿ, ಮಕ್ಕಳ ಕೈಯಿಂದಲೇ ಅಳೆಸಿ ಬರೆಸಿಡಬಹುದು. ಸಾಧನವನ್ನು ದಾರ ಕಟ್ಟಿ ಚೀಲದ ಭುಜಪಟ್ಟಿಗೆ ಸಿಕ್ಕಿಸಿರಿ. ಕೈಜಾರಿ ಹೋದದ್ದನ್ನು ಎರಡು ಬಾರಿ ಕಣ್ಣಾರೆ ಕಂಡಿದ್ದೇನೆ.

ಮತ್ತೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಬಟನ್ ಇರುವ, ಎಎ ಸೆಲ್ಲಿನ, ವಾಯುಭಾರ ಅಳೆಯುವ 32ಎಕ್ಸ್ ಕೊಳ್ಳಲು ತೀರ್ಮಾನಿಸಿದ್ದೇನೆ. ಫೋನು ಏರೋಪ್ಲೇನ್ ಮೋಡಿನಲ್ಲಿ ಎರಡನೆಯ ಆಸರೆಯಾಗಿ ಇರುತ್ತದೆ. ಜುಲೈ ಮಳೆಯಲ್ಲೇ ಶಾಲೆಯ ಹಿಂದಿನ ಗುಡ್ಡಕ್ಕೆ ಸಹೋದ್ಯೋಗಿಗಳೊಂದಿಗೆ ಒಮ್ಮೆ ಹೋಗಿ, ಕವಲುಗಳಿಗೆ ಗುರುತು ಹಾಕಿ, ಬಂದ ಗೆರೆಯನ್ನೇ ಹಿಡಿದು ಇಳಿದು ನೋಡುತ್ತೇವೆ. ಒಂದೇ ಪ್ರಶ್ನೆ ಉಳಿದಿದೆ: ಸಾಧನವನ್ನು ಸಾಲಿನ ಮುಂದೆ ನಡೆಯುವವರ ಬಳಿ ಇರಿಸಬೇಕೇ, ಹಿಂದಿನವರ ಬಳಿಯೇ?

ಸುಬ್ರಹ್ಮಣ್ಯದಿಂದ

ಮುಂದಿನವರ ಬಳಿ ಇರಲಿ, ಮೇಷ್ಟ್ರೇ. ಹಿಂದಿನವರ ಬಳಿ ಫೋನೂ ಒಂದು ಸೀಟಿಯೂ ಇರಲಿ, ಮಂಜು ಇಳಿದ ಕೂಡಲೇ ಸೀಟಿ ಊದಿ ಸಾಲನ್ನು ನಿಲ್ಲಿಸಲಿ. ಎಲ್ಲರೂ ಸೇರಿದ ಮೇಲೆ ತಲೆ ಎಣಿಸಿ, ಆಮೇಲೆ ಸಾಧನವನ್ನು ನೋಡಿರಿ.