ಫುಕ್ಸ್ ಚಕ್ರದ ಆನೊಡೈಸಿಂಗ್ ಕೆಟ್ಟಿದೆ, ಪಾಲಿಶ್‌ಗೆ ಜಗ್ಗುತ್ತಿಲ್ಲ: ಪ್ರಶ್ನೋತ್ತರ

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ):
ನಮಸ್ಕಾರ ಸರ್. ಊರು ಹಾಸನ, ಕೆಲಸ ಜರ್ಮನಿಯಲ್ಲಿ. 1973ರ ಪೋರ್ಷೆ 911 ತಗೊಂಡಿದ್ದೇನೆ. ಅದರ ಜೊತೆ ಬಂದದ್ದು ಫುಕ್ಸ್ ಅಲಾಯ್ ಚಕ್ರಗಳು, 15 ಇಂಚಿನವು, ಅಗಲ 6. ಎರಡು ಚೆನ್ನಾಗಿವೆ. ಮೂರನೆಯದರ ಅಂಚನ್ನು ಹಿಂದಿನವರು ಯಾರೋ ಫುಟ್‌ಪಾತ್ ಕಲ್ಲಿಗೆ ಉಜ್ಜಿದ್ದಾರೆ, ಒಂದು ಗೇಣು ಉದ್ದ ಇರಬಹುದು. ನಾಲ್ಕನೆಯದರ ಎಸಳುಗಳ (ಹೂವಿನ ಎಸಳಿನಂಥ ಸ್ಪೋಕ್‌ಗಳ) ಮೇಲೆಲ್ಲ ಬಿಳಿ ಮಸುಕು, ಬ್ಯಾಲೆನ್ಸಿಂಗ್ ತೂಕ ಕಚ್ಚಿಸಿದ್ದ ಜಾಗದಲ್ಲಿ ಸಣ್ಣ ಸಣ್ಣ ಗುಂಡಿ. ಮೆಟಲ್ ಪಾಲಿಶ್ ಹಾಕಿ ಉಜ್ಜಿ ಉಜ್ಜಿ ಕೈ ನೋವು ಬಂತು, ಮಸುಕು ಮಾತ್ರ ಹಾಗೇ ಇದೆ. ಇಲ್ಲೊಬ್ಬರು ಪೌಡರ್ ಕೋಟಿಂಗ್ ಮಾಡಿಸಿಬಿಡಿ ಅಂತಾರೆ. ನನಗೆ ಮೂಲ ರೂಪವೇ ಬೇಕು. ದಾರಿ ಇದೆಯಾ?

ಉತ್ತರ (ಪೀಣ್ಯದ ಆನೊಡೈಸಿಂಗ್ ಘಟಕದವರು):
ಪಾಲಿಶ್‌ಗೆ ಜಗ್ಗದೇ ಇದ್ದದ್ದು ಒಳ್ಳೆಯದೇ ಆಯ್ತು ಮಾರಾಯ್ರೆ. ನೀವು ಉಜ್ಜುತ್ತಿದ್ದದ್ದು ಅಲ್ಯೂಮಿನಿಯಂ ಅಲ್ಲ, ಅದರ ಆಕ್ಸೈಡ್. ಎಮರಿ ಪೇಪರಿನ ಹರಳಿನಲ್ಲೂ ಇರುವುದು ಅದೇ ಅಲ್ಯೂಮಿನಿಯಂ ಆಕ್ಸೈಡ್. ಟ್ಯೂಬಿನ ಪಾಲಿಶ್‌ಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಬಣ್ಣವನ್ನು ಲೋಹದ ಮೇಲೆ ಬಳಿಯುತ್ತೇವೆ. ಆನೊಡೈಸಿಂಗ್ ಹಾಗಲ್ಲ. ಚಕ್ರವನ್ನು ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ಡಿಸಿ ಕರೆಂಟ್ ಕೊಟ್ಟಾಗ ಚಕ್ರದ ಮೈಯ ಲೋಹವೇ ಆಕ್ಸೈಡ್ ಆಗಿ ಬದಲಾಗುತ್ತದೆ. ಪದರದ ದಪ್ಪ ಹತ್ತು-ಹದಿನೈದು ಮೈಕ್ರಾನ್. ಅದಕ್ಕೇ ಹೇಳುವುದು, ಆನೊಡೈಸಿಂಗ್‌ಗೆ ತೇಪೆ ಹಾಕಲು ಬರುವುದಿಲ್ಲ. ಇಡೀ ಪದರ ತೆಗೆಯಬೇಕು, ಇಲ್ಲವೇ ಇದ್ದದ್ದನ್ನು ಇದ್ದ ಹಾಗೇ ಬಿಡಬೇಕು. ಪ್ರತಿ ಸಲ ತೆಗೆದಾಗಲೂ ಒಂದಿಷ್ಟು ಲೋಹ ಹೋಗುತ್ತದೆ, ಅದು ವಾಪಸ್ ಬರುವುದಿಲ್ಲ.

ಹಾಗಾಗಿ ಮೊದಲು ಆ ಎರಡು ಒಳ್ಳೆಯ ಚಕ್ರಗಳನ್ನು ಮುಟ್ಟಬೇಡಿ. ನಾಲ್ಕೂ ಒಂದೇ ಥರ ಕಾಣಲಿ ಎಂದು ಒಳ್ಳೆಯದನ್ನೂ ಕೆರೆಸುವವರು ಬಹಳ ಜನ. ನನಗದು ಸುತರಾಂ ಒಪ್ಪಿಗೆಯಿಲ್ಲ.

ಕೆಟ್ಟ ಎರಡಕ್ಕೆ ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಎರಡೂ ಕಡ್ಡಿಯನ್ನು ಎಸಳಿನ ಮೇಲೆ ಒತ್ತದೆ ಮೆಲ್ಲಗೆ ತಾಗಿಸಿ. ಆಕ್ಸೈಡ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಸದ್ದು ಬರದಿದ್ದರೆ ಪದರ ಇನ್ನೂ ಇದೆ. ಬೀಪ್ ಅಂದರೆ ಅಲ್ಲಿ ಬರಿಯ ಲೋಹ. ಹಿಂದಿನ ಮಾಲೀಕರು ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸಿದ್ದರೂ ಸದ್ದು ಬರುವುದಿಲ್ಲ, ಆದ್ದರಿಂದ ಹಿಂಬದಿಯ ಒಂದು ಮೂಲೆಗೆ ಪೇಂಟ್ ರಿಮೂವರ್ ಹಚ್ಚಿ ನೋಡಿ. ಲ್ಯಾಕರ್ ಆದರೆ ಸುಕ್ಕುಗಟ್ಟಿ ಏಳುತ್ತದೆ, ಆನೊಡೈಸಿಂಗ್‌ಗೆ ಏನೂ ಆಗುವುದಿಲ್ಲ. ಎಷ್ಟೋ ಸಲ ಆ ಬಿಳಿ ಮಸುಕು ಸತ್ತ ಲ್ಯಾಕರ್ ಆಗಿರುತ್ತದೆ, ಕೆಳಗೆ ಮೂಲ ಪದರ ಗಟ್ಟಿಯಾಗಿಯೇ ಇರುತ್ತದೆ.

ಪ್ರಶ್ನೆ (ಸ್ಟುಟ್‌ಗಾರ್ಟ್):
ನೋಡಿದೆ ಸರ್. ಲ್ಯಾಕರ್ ಇಲ್ಲ. ಮಸುಕಿರುವ ಕಡೆ ಅಲ್ಲಲ್ಲಿ ಬೀಪ್ ಬರುತ್ತದೆ, ಅಂಚಿನಲ್ಲಂತೂ ಪೂರ್ತಿ. ಉಜ್ಜಿಹೋದ ಅಂಚಿಗೆ ವೆಲ್ಡಿಂಗ್ ತುಂಬಿಸಿ ಸರಿ ಮಾಡಬಹುದಾ?

ಉತ್ತರ:
ವೆಲ್ಡಿಂಗ್ ಬೇಡವೇ ಬೇಡ. ಈ ಚಕ್ರ ಎರಕದ್ದಲ್ಲ, ಫೋರ್ಜಿಂಗ್. ಮೈನರ್ಟ್ಸ್‌ಹಾಗನ್‌ನ ಒಟ್ಟೊ ಫುಕ್ಸ್ ಕಂಪನಿ 1967ರ ಮಾಡೆಲ್‌ನ 911 ಎಸ್‌ಗೆ ಇದನ್ನು ಮೊದಲು ಕೊಟ್ಟಾಗ ಅಗಲ ಬರೀ ನಾಲ್ಕೂವರೆ ಇಂಚು. ಆಮೇಲೆ ಅಗಲವಾಗುತ್ತಾ ಹೋಯಿತು, ತಯಾರಿಸುವ ರೀತಿ ಅದೇ ಉಳಿಯಿತು. ಬಿಸಿ ಲೋಹವನ್ನು ಪ್ರೆಸ್‌ನಲ್ಲಿ ಒತ್ತಿ, ಹೀಟ್ ಟ್ರೀಟ್‌ಮೆಂಟ್ ಮಾಡಿ ಗಟ್ಟಿ ಬರಿಸುತ್ತಾರೆ. ವೆಲ್ಡಿಂಗ್ ಬಿಸಿ ತಾಗಿದ ಸುತ್ತಮುತ್ತ ಆ ಗಟ್ಟಿತನ ಇಳಿದುಹೋಗುತ್ತದೆ. ನಿಮ್ಮಲ್ಲಿ ವಾಹನ ತಪಾಸಣೆ ಮಾಡುವ ಟ್ಯೂಫ್‌ನವರೂ ವೆಲ್ಡ್ ಮಾಡಿದ ಚಕ್ರ ಒಪ್ಪುವುದಿಲ್ಲ, ಕೇಳಿ ನೋಡಿ.

ಬಲದ ಮಾತು ಬಿಡಿ, ನೋಟಕ್ಕೂ ಅದು ಕೂಡಿಬರುವುದಿಲ್ಲ. ಸಿಲಿಕಾನ್ ಇರುವ 4043 ಕಡ್ಡಿಯಲ್ಲಿ ವೆಲ್ಡ್ ಮಾಡಿದ ಜಾಗ ಪಾಲಿಶ್ ಆದಾಗ ಗೊತ್ತೇ ಆಗದು. ತೊಟ್ಟಿಯಿಂದ ಎತ್ತಿದ ಮೇಲೆ ನೋಡಬೇಕು, ಬೆಳ್ಳಗಿನ ಅಂಚಿನಲ್ಲಿ ಕಪ್ಪು-ಬೂದು ಪಟ್ಟಿ! ಸಿಲಿಕಾನ್ ಆನೊಡೈಸ್ ಆಗುವುದಿಲ್ಲ, ಹಾಗೇ ಉಳಿದು ಕಪ್ಪಾಗಿ ಕಾಣುತ್ತದೆ. ಎರಕದ ಅಲಾಯ್ ಚಕ್ರಗಳಲ್ಲಿ ಸಾಮಾನ್ಯವಾಗಿ ಶೇ. 7ರಷ್ಟೋ ಅದಕ್ಕಿಂತ ಹೆಚ್ಚೋ ಸಿಲಿಕಾನ್ ಇರುವುದರಿಂದ ಅವಕ್ಕೆ ಈ ಕೆಲಸ ಒಗ್ಗುವುದೇ ಇಲ್ಲ. ನಿಮ್ಮದು ಫೋರ್ಜಿಂಗ್, ಅದು ನಿಮ್ಮ ಅದೃಷ್ಟ.

ಉಜ್ಜಿದ ಗಾಯ ಆಳವಿಲ್ಲದಿದ್ದರೆ ಸಣ್ಣ ಅರದಿಂದ ಚೂಪು ಏಣು ತೆಗೆದು, ಎಮರಿಯಲ್ಲಿ 240, 400, 600 ಎಂದು ನಯ ಮಾಡುತ್ತಾ ಬನ್ನಿ. ಅಲ್ಲಿ ಬರಿಯ ಲೋಹ ಉಳಿಯುತ್ತದೆ, ಆಗಾಗ ವ್ಯಾಕ್ಸ್ ಹಾಕಿಕೊಂಡಿರಿ. ನಾನಾಗಿದ್ದರೆ ಮೂರನೆಯ ಚಕ್ರವನ್ನು ಅಷ್ಟಕ್ಕೇ ಬಿಡುತ್ತಿದ್ದೆ. ತೊಟ್ಟಿಗೆ ಹೋಗಬೇಕಾದದ್ದು ನಾಲ್ಕನೆಯದು ಮಾತ್ರ. ಅದಕ್ಕೂ ಮೊದಲು ಡೈ ಪೆನೆಟ್ರಂಟ್ ಹಾಕಿಸಿ ಬಿರುಕು ನೋಡಿಸಿ. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದಾಗ ಬಿರುಕಿದ್ದರೆ ಕೆಂಪು ಗೆರೆ ಎದ್ದು ಬರುತ್ತದೆ. ಬಂತೋ, ಚಕ್ರವನ್ನು ಗೋಡೆಗೆ ನೇತುಹಾಕಿ.

ಪೌಡರ್ ಕೋಟಿಂಗ್ ಬಗ್ಗೆ ಕೇಳಿದ್ದಿರಿ. ಒಲೆಯಲ್ಲಿ 180ರಿಂದ 200 ಡಿಗ್ರಿ ಬಿಸಿ. ಒಂದು ಸಲ 20 ನಿಮಿಷ ಇಟ್ಟರೆ ಚಕ್ರ ಮುರಿದು ಬೀಳುವುದಿಲ್ಲ, ನಿಜ. ಆದರೆ ಐವತ್ತು ವರ್ಷದ ಫೋರ್ಜಿಂಗ್ ಅನ್ನು ಮತ್ತೆ ಮತ್ತೆ ಹಾಗೆ ಬೇಯಿಸುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ಆ ದಪ್ಪ ಕೋಟಿನಡಿ ಎಸಳಿನ ಏಣುಗಳೆಲ್ಲ ಮೊಂಡಾಗುತ್ತವೆ.

ಪ್ರಶ್ನೆ (ಬೆಂಗಳೂರು, ರಾಜಾಜಿನಗರ):
ಅಣ್ಣಾ, ಯೂಟ್ಯೂಬ್‌ನಲ್ಲಿ ಬಕೆಟ್, ಬ್ಯಾಟರಿ ಆಸಿಡ್, ಚಾರ್ಜರ್ ಇಟ್ಕೊಂಡು ಮನೇಲೇ ಆನೊಡೈಸ್ ಮಾಡ್ತಾರಲ್ಲ. ಚಕ್ರಕ್ಕೂ ಆಗುತ್ತಾ?

ಉತ್ತರ:
ಬೋಲ್ಟಿಗೆ ಆಗುತ್ತದಪ್ಪ, ಚಕ್ರಕ್ಕೆ ಆಗದು. ಲೆಕ್ಕ ಹಾಕು. ಒಳಗೆ, ಹೊರಗೆ, ಎಸಳು ಎಲ್ಲ ಸೇರಿಸಿದರೆ ಈ ಚಕ್ರದ ಮೈ ಅಂದಾಜು 60 ಚದರ ಡೆಸಿಮೀಟರ್. ಪ್ರತಿ ಚದರ ಡೆಸಿಮೀಟರಿಗೆ ಒಂದೂವರೆ ಆಂಪಿಯರ್ ಹಿಡಿದರೂ 90 ಆಂಪಿಯರ್ ಬೇಕು. ಚಾರ್ಜರ್ ಕೊಡುವುದು ಹತ್ತೋ ಹದಿನೈದೋ. ಅಷ್ಟು ಕರೆಂಟ್ ಹರಿದರೆ ಆಸಿಡ್ ಕಾಯುತ್ತದೆ, ನಾವು ಅದನ್ನು ಚಿಲ್ಲರ್ ಇಟ್ಟು 20 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತೇವೆ. ಕಾದರೆ ಪದರ ಮೆತ್ತಗಾಗಿ ಬೆರಳಿಗೆ ಪುಡಿ ಅಂಟುತ್ತದೆ. ಹೈಡ್ರೋಜನ್ ಗ್ಯಾಸ್ ಬೇರೆ ಏಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಸಾಹಸ ಬೇಡ.

ಪ್ರಶ್ನೆ (ಮೈಸೂರು):
ಸರ್, ಮಸುಕು ಬರುವುದೇ ಯಾಕೆ? ನಮ್ಮ ಅಮ್ಮ ದೇವರ ಪಾತ್ರೆಗೆ ಹಚ್ಚುವ ಹುಣಸೆಹಣ್ಣು ಇದಕ್ಕೆ ನಡೆಯುತ್ತಾ?

ಉತ್ತರ:
ಹುಣಸೆಹಣ್ಣು ದೇವರ ಪಾತ್ರೆಗೇ ಇರಲಿ ತಾಯಿ. ಈ ಆಕ್ಸೈಡ್‌ಗೆ ಹುಳಿಯೂ ಆಗದು, ಕ್ಷಾರವೂ ಆಗದು. ಲಾರಿ ತೊಳೆಯುವ ಕ್ಷಾರದ ನೊರೆ, ಬ್ರೇಕ್ ಧೂಳು ತೆಗೆಯುವ ಆಸಿಡ್ ಸ್ಪ್ರೇ, ಇವೆರಡೂ ಪದರವನ್ನು ತಿಂದು ಬಿಳಿ ಮಾಡುತ್ತವೆ. ಸ್ಟುಟ್‌ಗಾರ್ಟ್‌ನಂಥ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕ್ಲಿಪ್ ತೂಕ ಕಚ್ಚಿ ಪದರ ಒಡೆದ ಜಾಗದಲ್ಲಿ ಆ ಉಪ್ಪು ನೀರು ನಿಂತರೆ ಗುಂಡಿ ಬೀಳುತ್ತದೆ. ಒಳಬದಿಗೆ ಅಂಟಿಸುವ ತೂಕ ಹಾಕಿಸಬೇಕು. ತೊಳೆಯಲು ಕಾರ್ ಶಾಂಪೂ, ನೀರು, ಮೆತ್ತನೆ ಬ್ರಶ್ ಸಾಕು.

ಪ್ರಶ್ನೆ (ಸ್ಟುಟ್‌ಗಾರ್ಟ್):
ಸರಿ ಸರ್, ನಾಲ್ಕನೆಯದನ್ನು ಮಾಡಿಸುತ್ತೇನೆ. ಅಂಗಡಿಯವರಿಗೆ ಏನೇನು ಹೇಳಬೇಕು?

ಉತ್ತರ:
ಹಳೆ ಪದರ ಹೇಗೆ ತೆಗೆಯುತ್ತೀರಿ ಎಂದು ಮೊದಲೇ ಕೇಳಿ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಆಕ್ಸೈಡ್ ಹೋದ ತಕ್ಷಣ ಅದು ಅಲ್ಯೂಮಿನಿಯಂ ತಿನ್ನಲು ಶುರು ಮಾಡುತ್ತದೆ. ಹತ್ತು ನಿಮಿಷ ಮರೆತರೆ ಮೈ ಒರಟಾಗಿ, ಹಿಂಬದಿಯಲ್ಲಿ ಒತ್ತಿರುವ ಪಾರ್ಟ್ ನಂಬರ್ ಸವೆದಿರುತ್ತದೆ. ಆ ನಂಬರ್ ಹೋದರೆ ಚಕ್ರದ ಬೆಲೆಯೂ ಹೋಯಿತು. ಫಾಸ್ಫೋರಿಕ್-ಕ್ರೋಮಿಕ್ ಬಿಸಿ ದ್ರಾವಣ ಆಕ್ಸೈಡ್ ಮಾತ್ರ ತೆಗೆದು ಲೋಹವನ್ನು ಬಿಡುತ್ತದೆ. ಆದರೆ ಅದರಲ್ಲಿರುವುದು ವಿಷದ ಕ್ರೋಮಿಯಂ. ಯುರೋಪಿನಲ್ಲಿ ಅನುಮತಿ ಇದ್ದವರು ಮಾತ್ರ ಬಳಸಬಹುದು. ಕಾಸ್ಟಿಕ್ಕೇ ಗತಿ ಎಂದರೆ ಚಕ್ರದ ಪಕ್ಕ ಒಬ್ಬರು ನಿಂತು ಸ್ವಲ್ಪ ಸ್ವಲ್ಪವೇ ಅದ್ದಿ ಎತ್ತಲಿ. ಆಮೇಲೆ ಕಪ್ಪು ಮಸಿ ಕೂರುತ್ತದೆ, ನೈಟ್ರಿಕ್ ಆಸಿಡ್‌ನಲ್ಲಿ ಅದು ಬಿಡುತ್ತದೆ.

ಹೊಳಪನ್ನು ತೊಟ್ಟಿಗೆ ಇಳಿಸುವ ಮುಂಚೆಯೇ ತೀರ್ಮಾನಿಸಿ. ಆನೊಡೈಸಿಂಗ್ ಗೀರನ್ನು ಮುಚ್ಚುವುದಿಲ್ಲ, ಅಡಿಯಲ್ಲಿ ಏನಿದೆಯೋ ಅದೇ ಕಾಣುತ್ತದೆ. ಕನ್ನಡಿ ಹೊಳಪು ಕೊಟ್ಟರೆ ಪಕ್ಕದ ಮೂರು ಚಕ್ರಗಳಿಗೆ ಹೊಂದುವುದಿಲ್ಲ, ಅವುಗಳದ್ದು ಮಂದ ಹೊಳಪು. ಒಂದು ಒಳ್ಳೆಯ ಚಕ್ರವನ್ನು ಮಾದರಿಗೆ ಅಂಗಡಿಗೆ ಒಯ್ಯಿರಿ. ಆ ಗುಂಡಿಗಳನ್ನು ಪೂರ್ತಿ ತೆಗೆಯಬೇಕೆಂದು ಹಟ ಹಿಡಿಯಬೇಡಿ, ಅಂಚು ತೆಳ್ಳಗಾಗುತ್ತದೆ.

ಹಿತ್ತಾಳೆ ವಾಲ್ವ್ ಬಿಚ್ಚಿಸಿ, ಇಲ್ಲದಿದ್ದರೆ ತೊಟ್ಟಿಯಲ್ಲಿ ಕರಗುತ್ತದೆ. ಕೊನೆಗೆ ಕುದಿಯುವ ನೀರಿನಲ್ಲಿ ಅದ್ದಿ ಪದರದ ಸಣ್ಣ ರಂಧ್ರಗಳನ್ನು ಮುಚ್ಚುವ ಸೀಲಿಂಗ್ ತಪ್ಪಿಸದಿರಲಿ, ಮೈಕ್ರಾನಿಗೆ ಎರಡು-ಮೂರು ನಿಮಿಷದ ಲೆಕ್ಕ. ಆತುರದವರು ಇಲ್ಲೇ ಕಳ್ಳತನ ಮಾಡುವುದು. ಮಾರ್ಕರ್ ಪೆನ್ನಿನಲ್ಲಿ ಹಿಂಬದಿ ಒಂದು ಗೆರೆ ಎಳೆದು ಒರೆಸಿ ನೋಡಿ, ಸೀಲ್ ಆಗಿಲ್ಲದಿದ್ದರೆ ಕಲೆ ಉಳಿಯುತ್ತದೆ. ಎಸಳುಗಳ ನಡುವಿನ ಕಪ್ಪು ಬಣ್ಣ ಇದೆಲ್ಲ ಮುಗಿದ ಮೇಲೆ.

ನಟ್ ಕೂರುವ ಗುಂಡನೆಯ ಸೀಟುಗಳಿಗೆ ಎಮರಿಯನ್ನೂ ಬಣ್ಣವನ್ನೂ ತಾಗಿಸಬೇಡಿ. ವಾಪಸ್ ಕೂರಿಸುವಾಗ ಟಾರ್ಕ್ ರೆಂಚ್‌ನಲ್ಲಿ 130 ನ್ಯೂಟನ್ ಮೀಟರ್, ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಅಷ್ಟೇ. ಕಾರಿನ ಅಲ್ಯೂಮಿನಿಯಂ ನಟ್‌ಗಳಿಗೆ ಏರ್ ಗನ್ ಹಿಡಿಯಲು ಟೈರ್ ಅಂಗಡಿಯವರಿಗೆ ಬಿಡಬೇಡಿ.